ಕುರಿಗಳನ್ನು ಕರೆದ ವರ್ಷ

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಸುಗ್ಗಿ ಮುಗಿದು ಬಿಳಿಜೋಳದ ಹೊಲ ಬರಿದಾದರೆ ಸಾಕು, ನನಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಕಟ್ಟೆಯ ಮೇಲೆ ಬಂದು ಕೂತು ಕಮತಗಿ ಕಡೆಯ ರಸ್ತೆ ನೋಡುತ್ತೇನೆ. ಯಾರು ಬರಬೇಕಾಗಿದೆ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಹೆಸರಿಲ್ಲ. ದಾರಿ ನೋಡುತ್ತಿದ್ದವಳು ಅತ್ತೆ. ಅವಳ ಜೊತೆ ಹತ್ತೊಂಬತ್ತು ವರ್ಷ ಬಾಳಿ ಆ ಚಟ ನನಗೂ ಅಂಟಿತು.

ಅತ್ತೆಯನ್ನು ‘ಅವಳು’ ಅನ್ನುತ್ತೇನೆಂದು ಯಾರೂ ತಪ್ಪು ತಿಳಿಯಬಾರದು. ಮದುವೆಯಾದ ಹೊಸತರಲ್ಲಿ ನಾನು ‘ನೀವು, ತಾವು’ ಎಂದು ಮಾತಾಡಿದರೆ ಅವಳಿಗೆ ಮೈ ಉರಿಯುತ್ತಿತ್ತು. “ನಾ ಏನ್ ಕಚೇರಿ ಸಾಹೇಬಳೇನ? ನೀ ಅನ್ನು. ಬಾಯಿ ತುಂಬ ನೀ ಅನ್ನು” ಎಂದಿದ್ದಳು. ನಾನು ಇಳಕಲ್ಲಿನವಳು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕುರಿಗಾರರ ದೇವರು ಬೀರಪ್ಪ ನಮ್ಮ ಮನೆದೇವರು ಹೌದು, ಆದರೆ ಕುರಿಯನ್ನು ನಾನು ಹತ್ತಿರದಿಂದ ನೋಡಿದ್ದು ಗಂಡನ ಮನೆಗೆ ಬಂದ ಮೇಲೆಯೇ. ಅತ್ತೆ ಹಾಗಲ್ಲ. ಬಾದಾಮಿ ಕಡೆಯ ಕುರಿಗಾರರ ಮಗಳು, ಊರೂರು ಅಲೆಯುವ ಕುರಿಬೀಡು ಅಂದರೆ ಹಟ್ಟಿಯಲ್ಲಿ ಹುಟ್ಟಿದವಳು, ಮದುವೆಯಾಗುವತನಕ ಒಂದೇ ಊರಿನಲ್ಲಿ ಒಂದು ತಿಂಗಳು ನಿಂತವಳಲ್ಲ. ಅವಳ ತಂದೆತಾಯಿ ಹೋದ ಮೇಲೆ ಹಿಂಡು ತಮ್ಮನ ಪಾಲಿಗೆ ಬಂತು.

ಬೇರೆ ಹೆಂಗಸರು ಪಂಚಮಿಗೆ ತವರಿಗೆ ಹೋಗುತ್ತಿದ್ದರು. ಅತ್ತೆ ಎಲ್ಲಿಗೆ ಹೋಗಬೇಕು? “ನನ್ನ ತವರಮನಿ ನಡಕೋತ ಬರ್ತೈತಿ” ಎಂದು ನಗುತ್ತಿದ್ದಳು. ಖರೆ, ಹಾಗೆಯೇ ಬರುತ್ತಿತ್ತು. ಜೋಳ ಕೊಯ್ದ ಮೇಲೆ ಅವಳ ತಮ್ಮ ಹಿಂಡನ್ನು ಹೊಡೆದುಕೊಂಡು ನಮ್ಮ ಹೊಲಕ್ಕೆ ಬಂದು ಹತ್ತೋ ಹನ್ನೆರಡೋ ದಿವಸ ಕುರಿ ನಿಲ್ಲಿಸುತ್ತಿದ್ದ. ಕುರಿ ಮಲಗಿದಲ್ಲೆಲ್ಲ ಹಿಕ್ಕೆ ಬೀಳುತ್ತದೆ, ನೆಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಹೊಲದವರು ಕುರಿಗಾರರಿಗೆ ಜೋಳ ಕೊಡುತ್ತಾರೆ. ನಮ್ಮ ಮನೆಯಲ್ಲಿ ಆ ಹತ್ತು ದಿನ ಅತ್ತೆಯ ಗಂಟಲೇ ಬೇರೆ, ನಡಿಗೆಯೇ ಬೇರೆ. ನಾನು ಮದುವೆಯಾಗಿ ಬಂದ ಮೇಲೆ ನಾಲ್ಕೈದು ಸಲ ಅದನ್ನು ನೋಡಿದ್ದೇನೆ.

ಆಮೇಲೆ ನಿಂತುಹೋಯಿತು. ಯಾರೂ ಬೇಡ ಅಂದಿದ್ದಲ್ಲ. ಗೊಬ್ಬರದ ಚೀಲ ಅಂಗಡಿಯಲ್ಲೇ ಸಿಗುವಾಗ ಕುರಿಗಾರರಿಗೆ ಜೋಳ ಯಾಕೆ ಕೊಡಬೇಕು ಅಂದರು ಒಬ್ಬರು. ಇನ್ನೊಬ್ಬರು ಹೊಲಕ್ಕೆ ತಂತಿಬೇಲಿ ಹಾಕಿದರು. ಕುರಿ ನಡೆಯುವ ಹಳೆಯ ಹಾದಿಯಲ್ಲಿ ಜಾಲಿ ಬೆಳೆಯಿತು, ಒಂದು ಕಡೆ ಪ್ಲಾಟು ಬಿದ್ದವು. ಅತ್ತೆಯ ತಮ್ಮ ಘಟಪ್ರಭೆಯ ದಂಡೆಗುಂಟ ಆ ಕಡೆಗೇ ಉಳಿದುಬಿಟ್ಟ. ಫೋನ್ ಹಚ್ಚಿಕೊಡುತ್ತೇನೆ ಎಂದರೆ ಅತ್ತೆ ಮುಖ ತಿರುಗಿಸುತ್ತಿದ್ದಳು. “ಫೋನಿನ್ಯಾಗ ತಮ್ಮನ ತಲಿ ಸವರಾಕ ಬರ್ತೈತೇನ?” ಅನ್ನುತ್ತಿದ್ದಳು.

ಇಷ್ಟರೊಳಗೆ ಮಳೆಯ ರೀತಿಯೇ ಕೆಟ್ಟಿತು. ತಿಂಗಳು ಪೂರ್ತಿ ಬೀಳಬೇಕಾದದ್ದು ಎರಡೇ ದಿನ ಸುರಿದು, ಮೇಲಿನ ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಮುಂದೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕರಿಮಣ್ಣಿನ ಎರಿಹೊಲ ಕೈ ಹೋಗುವಷ್ಟು ಬಿರುಕು ಬಿಡುತ್ತಿತ್ತು. ಹಿಂಗಾರಿಯ ಜೋಳ ತೆನೆ ಕಟ್ಟುವ ಹೊತ್ತಿಗೆ ನೆಲದಲ್ಲಿ ಹಸಿಯೇ ಇರುತ್ತಿರಲಿಲ್ಲ.

ಅಂಥದೊಂದು ವರ್ಷ ಬಾಗಲಕೋಟೆಯ ಒಂದು ಸಂಸ್ಥೆಯಿಂದ ಸ್ಕೂಟರಿನ ಮೇಲೆ ಒಬ್ಬ ಹುಡುಗಿ ಬಂದಳು. ನಮ್ಮ ಹೆಂಗಸರ ಸಂಘಕ್ಕೆ ನಾನೇ ಕಾರ್ಯದರ್ಶಿ, ಯಾಕೆಂದರೆ ಬಿ.ಎ. ಓದಿದವಳು ನಾನೊಬ್ಬಳೇ. ಸಾಲೆಯ ವರಾಂಡದಲ್ಲಿ ಎಲ್ಲರೂ ಸೇರಿದೆವು. ಹವಾಮಾನ ಬದಲಾಗುತ್ತಿದೆ, ಅದನ್ನು ಎದುರಿಸಲು ಹಳ್ಳಿಯ ಸಂಘಗಳಿಗೇ ನೇರವಾಗಿ ನೆರವು ಕೊಡುತ್ತೇವೆ ಎಂದಳು. ಸರಿ, ಏನು ಕೊಡುತ್ತಾರೆ, ಸಸಿಯೋ, ಕೋಳಿಮರಿಯೋ, ಹೊಲಿಗೆ ಯಂತ್ರವೋ ಎಂದು ನಾವು ಕಾದೆವು. ನಮಗೆ ಗೊತ್ತಿದ್ದದ್ದು ಅಷ್ಟೇ. ಅವಳು ಹೇಳಿದ್ದು ಬೇರೆ. “ಏನ್ ಮಾಡಬೇಕಂತ ನಾವು ಹೇಳೂದಿಲ್ರಿ. ನಿಮ್ಮ ನೆಲ, ನಿಮ್ಮ ಮಳಿ. ನೀವ ಹೇಳ್ರಿ, ನೀವ ನಡಸ್ರಿ.”

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮನ್ನು ಹಾಗೆ ಯಾರೂ ಕೇಳಿರಲಿಲ್ಲ. ಒಬ್ಬಳು ಬೋರು ಅಂದಳು, ಮತ್ತೊಬ್ಬಳು ಸೋಲಾರ್ ದೀಪ ಅಂದಳು. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಎಲೆಅಡಿಕೆಯನ್ನು ಒಂದು ಕಡೆ ದವಡೆಗೆ ಸರಿಸಿ ಹೇಳಿದಳು.

“ಕುರಿ ಕರೀರಿ.”

ವರಾಂಡ ತುಂಬ ನಗು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಊರಿಗೆ ಬಂದ ಹುಡುಗಿಯ ಎದುರು ಮನೆಯ ಮಾನ ಕಳೆದಳಲ್ಲ ಎಂದು ಹಲ್ಲು ಕಚ್ಚಿದೆ. ಅತ್ತೆ ಮಾತ್ರ ನಗು ಮುಗಿಯುವವರೆಗೂ ಕಾದು, ನಿಧಾನಕ್ಕೆ ಮುಂದುವರಿಸಿದಳು. “ನಗ್ರಿ, ನಗ್ರಿ. ಕುರಿ ಮಲಗಿದ ಹೊಲ ಮೂರು ವರ್ಷ ಹಸಿ ಹಿಡೀತಿತ್ತೋ ಇಲ್ಲೋ? ನಿಮ್ಮತ್ತೆಂದಿರನ್ನ ಕೇಳ್ರಿ. ಚೀಲದ ಗೊಬ್ಬರ ಹಾಕಿ ಹಾಕಿ ನೆಲ ಬೂದಿ ಆಗೇತಿ. ಬೂದ್ಯಾಗ ನೀರು ನಿಲ್ತೈತೇನ?” ಮುದುಕಿಯರು ಹೌದು ಹೌದು ಎಂದರು. ಒಬ್ಬಳು ತನ್ನ ಹೊಲದಲ್ಲಿ ಹಿಂದೆ ಕುರಿ ನಿಲ್ಲಿಸಿದ ಮಗ್ಗಲು ಮಾತ್ರ ಬಿರುಕು ಬಿಡುತ್ತಿರಲಿಲ್ಲವೆಂದು ನೆನೆಸಿಕೊಂಡಳು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಕೊನೆಗೆ ಕುರಿಗೇ ಬಂದು ನಿಂತಿತು. ಕುರಿಹಾದಿ ಬಿಡಿಸುವುದು, ಹಾದಿಯಲ್ಲಿ ಎರಡು ಕಡೆ ನೀರಿನ ತೊಟ್ಟಿ ಕಟ್ಟುವುದು, ಬರುವ ಹಟ್ಟಿಯವರಿಗೆ ಸಂಘದಿಂದಲೇ ಜೋಳ ಕೊಡುವುದು. ನಾನು ಬರೆದೆ, ಹುಡುಗಿ ಒಯ್ದಳು.

ಅವಳ ಮೇಲಿನವರು ಇದು ಹವಾಮಾನದ ಕೆಲಸ ಹೇಗಾಗುತ್ತದೆ ಎಂದು ಕೇಳಿದರಂತೆ. ಅವಳು ತಿರುಗಿ ಬಂದಳು. ಅತ್ತೆ ಅವಳನ್ನು ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ ಒಂದು ಹಿಡಿ ಮಣ್ಣು ಕೈಗೆ ಕೊಟ್ಟಳು. ಆಮೇಲೆ ಬೇವೂರಿನ ಹಾದಿಯ ಒಂದು ಹೊಲಕ್ಕೆ ಒಯ್ದು ಅಲ್ಲಿಯದೊಂದು ಹಿಡಿ ಕೊಟ್ಟಳು. ಆ ಹೊಲದವರು ಕುರಿ ನಿಲ್ಲಿಸುವುದನ್ನು ಬಿಟ್ಟಿರಲಿಲ್ಲ. ಹುಡುಗಿ ಎರಡನ್ನೂ ಹಿಚುಕಿ ನೋಡಿದಳು. ನಮ್ಮದು ಪುಡಿಯಾಗಿ ಸೋರಿಹೋಯಿತು, ಅದು ಉಂಡೆಯಾಗಿ ನಿಂತಿತು. ಎರಡನ್ನೂ ಚೀಟಿ ಹಚ್ಚಿ ಕಟ್ಟಿಕೊಂಡು ಹೋದಳು. ತಿಂಗಳೊಳಗೆ ಒಪ್ಪಿಗೆ ಬಂತು.

ಗಂಡಸರಿಗೆ ಆಡಿಕೊಳ್ಳಲು ಅಷ್ಟು ಸಾಕಾಯಿತು. ಚಹಾದಂಗಡಿಯ ಮುಂದೆ ನಾವು ಕೊಡಲಿ ಹಿಡಿದು ಹೊರಟರೆ, “ಕುರಿಗೆ ಲಗ್ನಪತ್ರಿಕಿ ಹಂಚಾಕ ಹೊಂಟಾರ ನೋಡ್ಲೇ!” ಎನ್ನುತ್ತಿದ್ದರು. ನಾನು ಒಂದು ದಿನ ಸ್ಕೂಲ್ ಬಸ್ಸೂ ನಿಲ್ಲುವಂತೆ ಚೀರಾಡಿದೆ. ಆಮೇಲೆ ಆಡಿಕೊಳ್ಳುವುದು ಕಡಿಮೆಯಾಯಿತು. ಇಪ್ಪತ್ತು ಹೆಂಗಸರು ಜಾಲಿ ಕಡಿದೆವು, ಬೇಲಿ ಹಾಕಿದವರ ಮನೆಗೆ ಹೋಗಿ ಕೂತು, ಚಹಾ ಕುಡಿದು, ಬೈಸಿಕೊಂಡು, ಬೈದು, ಕೊನೆಗೆ ಒಂದೊಂದು ಗೇಟು ಇಡಿಸಿದೆವು. ಬಿಡಿಸಿದ ಹಾದಿಯಲ್ಲಿ ಅತ್ತೆ ದಿನಾ ಸಂಜೆ ನಡೆದು ನೋಡಿ ಬರುತ್ತಿದ್ದಳು. ಒಂದು ದಿನ ನಾನು ತಡೆಯಲಾರದೆ ಕೇಳಿದೆ.

“ಅತ್ತಿ, ಖರೆ ಹೇಳು. ನಿಂಗ ಬೇಕಾಗಿದ್ದು ಗೊಬ್ಬರ ಏನ, ತಮ್ಮ ಏನ?”

“ಎರಡೂ” ಎಂದಳು, ಸ್ವಲ್ಪವೂ ನಾಚದೆ. “ಅವನ್ನ ಬ್ಯಾರಿ ಬ್ಯಾರಿ ಮಾಡಾಕ ನಂಗ ಬರೂದಿಲ್ಲ.”

ಆ ವರ್ಷ ಜೋಳ ಕೊಯ್ದ ಮೇಲೆ ಮಾವ ಬಂದ. ಅತ್ತೆಯ ತಮ್ಮನೆಂದರೆ, ದುಡಿಯಲು ದೂರದ ಊರಿಗೆ ಹೋಗಿ ಹಬ್ಬಕ್ಕಷ್ಟೇ ಬರುತ್ತಿದ್ದ ನನ್ನ ಗಂಡನಿಗೆ ಸೋದರಮಾವ, ನಾನೂ ಮಾವ ಎಂದೇ ಕರೆಯುತ್ತಿದ್ದೆ. ಎಂಟು ವರ್ಷದ ಮೇಲೆ ಬಂದವನು ಮುದುಕನಾಗಿದ್ದ. ಅತ್ತೆ ಹಾದಿಯ ನಡುವೆಯೇ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಏನ್ಲೇ, ಹಲ್ಲು ಎಲ್ಲಿ ಮಾರಿದಿ?” ಎಂದು ಅತ್ತಳು. ಅವನೂ ಅತ್ತ. ನಾವೆಲ್ಲ ನಿಂತು ನೋಡಿದೆವು. ನನಗಂತೂ ಅಷ್ಟು ಸಂತೋಷ ನನ್ನ ಸ್ವಂತ ತವರಿನಲ್ಲೂ ಆದದ್ದಿಲ್ಲ.

ಎರಡನೆಯ ದಿನ ಬೆಳಿಗ್ಗೆ ನಾನು ತಪ್ಪು ಮಾಡಿದೆ. ಸಂಸ್ಥೆಗೆ ಕೊಡಬೇಕಾದ ವರದಿಯಲ್ಲಿ ‘ಒಟ್ಟು ಕುರಿಗಳ ಸಂಖ್ಯೆ’ ಎಂಬ ಒಂದು ಜಾಗ ಇತ್ತು. ಅತ್ತೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪುಸ್ತಕ ತೆಗೆದುಕೊಂಡು ಹೊಲಕ್ಕೆ ಹೋದೆ. ಹಿಂಡು ರಾತ್ರಿ ಬೇಲಿಯಂತೆ ಸುತ್ತ ಕಟ್ಟಿದ್ದ ಬಲೆಯ ಬಾಯಿಂದ ಹೊರಗೆ ಬರುತ್ತಿತ್ತು. ಬಾಯಿಯ ಹತ್ತಿರ ನಿಂತು, ಒಂದೊಂದು ಕುರಿಯ ಬೆನ್ನಿಗೂ ಕಡ್ಡಿ ತಾಗಿಸುತ್ತ, ತಪ್ಪಬಾರದೆಂದು ಗಟ್ಟಿಯಾಗಿ ಎಣಿಸಿದೆ. ನೂರಾ ಎಂಬತ್ತೇಳು. ನನಗೆ ಒಳ್ಳೇ ಹೆಮ್ಮೆ. ಸುತ್ತ ನಿಂತಿದ್ದ ಹಟ್ಟಿಯವರು ಕೈಕೆಲಸ ಬಿಟ್ಟು ನನ್ನನ್ನೇ ನೋಡುತ್ತಿರುವುದು ಆಗ ಗಮನಕ್ಕೆ ಬಂತು.

ಮಾವ ಹತ್ತಿರ ಬಂದ. “ಎಣಿಸಿದೇನ ಯವ್ವಾ?”

“ಹೂಂ ಮಾವ, ನೂರಾ ಎಂಬತ್ತೇಳು ಅದಾವ ನೋಡು!” ಎಂದೆ.

ಅವನು ಬಗ್ಗಿ ನೆಲದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಹಿಂಡಿನ ಹಿಂದೆ ಹೋದ. ಮರುದಿನ ಬೆಳಿಗ್ಗೆ ಬಲೆ ಸುತ್ತಿದರು. ಮೇವು ಸಾಲುತ್ತಿಲ್ಲ ಎಂದು ಅಕ್ಕನಿಗೆ ಹೇಳಿದ. ಹತ್ತು ದಿನ ಇರಬೇಕಾದವನು ಮೂರನೆಯ ದಿನ ಹೊರಟ. ಅತ್ತೆ ಹಾದಿಯ ತಿರುವಿನತನಕ ಅವನ ಹಿಂದೆ ನಡೆದಳು. ನಾನು ಬುತ್ತಿಗಂಟು ಕೊಡುವಾಗ ಮಾವನ ಹೆಂಡತಿ ಮೆಲ್ಲಗೆ ಹೇಳಿದಳು. “ನಮ್ಮಲ್ಲಿ ಕುರಿ ಎಣಿಸೂದಿಲ್ಲವ್ವ. ಒಂದೊಂದರ ಮಾರಿ ನೋಡಿ ಗುರ್ತು ಹಿಡೀತೇವಿ. ಎಣಿಸಿ ಬಾಯಿಬಿಟ್ಟು ಹೇಳಿದ್ರ ಅಷ್ಟ ಉಳಿಯೂದಿಲ್ಲ ಅಂತಾರ. ನಿಂಗ ಗೊತ್ತಿರ್ಲಿಲ್ಲ, ಬಿಡು.”

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಬಿ.ಎ. ಓದಿದವಳು ಇಂಥ ಮೂಢನಂಬಿಕೆಗೆ ಹೆದರಬೇಕೇ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಆದರೆ ಮನೆಗೆ ಬಂದರೆ ಅತ್ತೆ ಮೂಲೆಯಲ್ಲಿ ಕೂತು, “ಮೇವು ಎಲ್ಲಿ ಕಡಿಮಿ ಆಗೇತಿ? ಅಂವಾ ಯಾಕ ಹ್ವಾದ?” ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದಳು. ಹೇಳಬೇಕೆಂದು ಹತ್ತಿರ ಹೋದವಳು ನೀರಿನ ತಂಬಿಗೆ ಇಟ್ಟು ಬಂದುಬಿಟ್ಟೆ. ಹುಡುಗಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಕಣ್ಣು ತುಂಬಿಕೊಂಡು, ಆ ಜಾಗವನ್ನೇ ವರದಿಯಿಂದ ತೆಗೆಸಿದಳು. ಅಲ್ಲಿಂದ ಮುಂದೆ ಯಾವ ಹೊಲದಲ್ಲಿ ಎಷ್ಟು ದಿನ ಹಟ್ಟಿ ನಿಂತಿತು ಎಂದಷ್ಟೇ ಬರೆದೆವು.

ಕೆಲಸ ಕೈಹಿಡಿಯಿತು. ಮರುವರ್ಷ ಬೇರೆ ನಾಲ್ಕು ಹಟ್ಟಿಗಳು ಬಂದವು, ಅದರ ಮರುವರ್ಷ ಇನ್ನೂ ಹೆಚ್ಚು. ಮಳೆ ಕೈಕೊಟ್ಟಾಗಲೂ ಕುರಿ ಮಲಗಿದ ಹೊಲಗಳಲ್ಲಿ ಜೋಳ ಹಸಿರಾಗಿ ನಿಂತಿತು. ಚಹಾದಂಗಡಿಯ ಮುಂದಿನ ಗಂಡಸರೇ ಬಂದು, “ಯಕ್ಕಾ, ಈ ಸಲ ನಮ್ಮ ಹೊಲಕ್ಕ ಮೊದಲ ಕಳಸ್ರಿ” ಎಂದರು. ಬಾಗಲಕೋಟೆಯಲ್ಲಿ ಸಭೆ ಮಾಡಿ ಅತ್ತೆಗೆ ಶಾಲು ಹೊದಿಸಿದರು. ಹಳ್ಳಿಯವರ ಕೈಗೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ತಾಯಿಯೇ ಸಾಕ್ಷಿ ಎಂದು ಯಾರೋ ಭಾಷಣ ಮಾಡಿದರು. ಅವರು ಹೇಳಿದ್ದು ಸುಳ್ಳಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಶಾಲನ್ನು ಮಡಚಿ ನನ್ನ ತೊಡೆಯ ಮೇಲಿಟ್ಟಳು.

“ನಾ ಕರದಿದ್ದು ಒಂದ ಹಟ್ಟಿ. ಊರ ಹಟ್ಟಿ ಎಲ್ಲಾ ಬಂದುವು, ಅದೊಂದು ಬರ್ಲಿಲ್ಲ” ಎಂದಳು. ಮುಂದೆ ಕಮತಗಿ ಬರುವವರೆಗೂ ಕಿಟಕಿಯ ಆಚೆ ನೋಡುತ್ತ ಕೂತಳು.

ಆಕೆಗೆ ಆಗಲೇ ಉಸಿರಾಟದ ತೊಂದರೆ ಶುರುವಾಗಿತ್ತು. ದವಾಖಾನೆಯವರು ಹೃದಯ ದೊಡ್ಡದಾಗಿದೆ ಎಂದಿದ್ದರು. ಬಂದ ಹಟ್ಟಿಯವರನ್ನೆಲ್ಲ ತಮ್ಮನ ಸುದ್ದಿ ಕೇಳುತ್ತಿದ್ದಳು. ಆ ಕಡೆ ಇದ್ದಾನೆ, ಅರಾಮ ಇದ್ದಾನೆ ಎಂದಷ್ಟೇ ಹೇಳಿ ಅವರು ಬೇರೆ ಮಾತು ತೆಗೆಯುತ್ತಿದ್ದರು. ಅವಳು ಇರುವಷ್ಟರಲ್ಲಿ ಅವನನ್ನು ಒಂದು ಸಲ ತಂದು ನಿಲ್ಲಿಸದಿದ್ದರೆ ನನಗೆ ಜನ್ಮದಲ್ಲಿ ಸಮಾಧಾನ ಇಲ್ಲ ಅನಿಸಿತು. ಇಳಕಲ್ಲಿಗೆ ತವರಿಗೆ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ, ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಕಲಾದಗಿಯ ಬಸ್ಸು ಹತ್ತಿದೆ.

ಕಲಾದಗಿಯಲ್ಲಿ ಕೇಳುತ್ತ ಕೇಳುತ್ತ ಹೋಗಿ ನದಿಯ ಕಡೆಯ ಒಂದು ದಾಳಿಂಬೆ ತೋಟದಲ್ಲಿ ಮಾವನನ್ನು ಕಂಡೆ. ತೋಟ ಕಾಯುತ್ತಿದ್ದ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಯಾರದೋ ಹಳೆಯ ಪ್ಯಾಂಟು ತೊಟ್ಟಿದ್ದ. ಗಿಡದ ಕೆಳಗೆ ಗೋಣಿತಾಟು ಹಾಸಿ ನನ್ನನ್ನು ಕೂಡಿಸಿದ.

“ಕುರಿ ಎಲ್ಲಿ ಮಾವ?”

“ಬ್ಯಾನಿ ಬಂತವ್ವ. ನಿಮ್ಮೂರಿಂದ ಬಂದ ವರ್ಷದ ಮಳಿಗಾಲದಾಗ. ಅರ್ಧಕ್ಕರ್ಧ ಹ್ವಾದುವು. ಉಳದಿದ್ದು ಮಾರಿಬಿಟ್ಟೆ.”

“ನಾ ಎಣಿಸಿದ್ದಕ್ಕ?” ಎಂದೆ. ಬಿ.ಎ. ಎಲ್ಲಿ ಹೋಗಿತ್ತೋ ಆಗ.

“ಹುಚ್ಚಿ. ಬ್ಯಾನಿಗೆ ಎಣಿಕಿ ಬರ್ತೈತೇನ? ಸುತ್ತ ಎಲ್ಲಾರ ಕುರೀನೂ ಸತ್ತಾವ.” ಅವನು ಬೆರಳಿನಿಂದ ನೆಲ ಕೆದಕಿದ. “ಆದ್ರ ಅಕ್ಕನ ಮುಂದ ಹ್ಯಾಂಗ ಹೇಳ್ಲಿ? ಕುರಿ ಹ್ವಾದುವಂದ್ರ, ಆಕಿ ಕೆದಕಿ ಕೆದಕಿ ಕೇಳ್ತಾಳ. ನೀ ಎಣಿಸಿದ್ದು ತಿಳೀತೈತಿ. ಆಕಿ ಹಟ್ಟ್ಯಾಗ ಹುಟ್ಟಿದಾಕಿ, ನಿನ್ನ ಮ್ಯಾಲ ಮನಸ್ಸು ಮುರೀತೈತಿ. ಆ ಮನ್ಯಾಗ ನೀವಿಬ್ಬರ ಹೆಂಗಸ್ರು ಒಬ್ಬರಿಗೊಬ್ಬರು ಇರಾವ್ರು. ಅದಕ್ಕ ಬರ್ಲಿಲ್ಲ.”

ಮೂರು ವರ್ಷ. ನನ್ನನ್ನು ಉಳಿಸಲು ಅಕ್ಕನ ಮುಖ ನೋಡದೆ ಮೂರು ವರ್ಷ. ನಾನು ತೋಟದಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ಅಳು ಮುಗಿದದ್ದೇ ಸಿಟ್ಟು ಬಂತು. “ನಿನ್ನ ಮಾರಿ ನೋಡಾಕ ಆಕಿ ಜೀವಾ ಹಿಡಕೊಂಡು ಕೂತಾಳ, ನೀ ಇಲ್ಲಿ ಮಂದಿ ದಾಳಿಂಬ್ರಿ ಕಾಯ್ಕೋತ ಕೂತೀಯಲ್ಲ ಮಾವ! ಬೈದ್ರ ನಾ ಬೈಸ್ಕೋತೇನಿ, ಏಳು!” ಎಂದು ಕೂಗಿದೆ. ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ನೋಡಿದರು. ಮಾವ ಎದ್ದ. ಮಾಲೀಕನಿಗೆ ಹೇಳಿ, ಮುಖ ತೊಳೆದು, ಒಗೆದ ಧೋತರ ಉಟ್ಟು ಬಂದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾವಿಬ್ಬರೂ ಮನೆಯ ಮುಂದೆ ಇದ್ದೆವು. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, “ಇಳಕಲ್ಲಿಂದ ಇಷ್ಟ ಲಗೂ ಬಂದೀ?” ಎಂದವಳು ಹಿಂದೆ ಇದ್ದವನನ್ನು ಕಂಡಳು. ಏಳಲು ಆಗಲಿಲ್ಲ, ಎರಡೂ ಕೈ ಚಾಚಿದಳು. ಮಾವ ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟ. ಅವಳು ಅವನ ಕೂದಲಿಗೆ ಮುಖ ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ತಲೆಯೆತ್ತಿ ಬಾಗಿಲಿನ ಆಚೆ ನೋಡಿದಳು.

“ಒಬ್ಬನ ಬಂದೀಯಲ್ಲೋ. ಕುರಿ ಎಲ್ಲಿ?”

ಮಾವ ನನ್ನ ಮುಖ ನೋಡಿದ. ಹೇಳಿಬಿಡಬೇಕೆಂದು ನಾನು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವನೇ ಬಾಯಿ ತೆರೆದ.

“ಹಿಂದ ಬರಾಕತ್ತಾವ ಯಕ್ಕಾ. ಮಗ ಹೊಡಕೊಂಡು ಬರಾಕತ್ತಾನ. ನಾ ಬಸ್ಸಿಗೆ ಮುಂದ ಬಂದೆ.”

“ಹಂಗಾದ್ರ ಹಟ್ಟಿ ಮಂದಿಗೆಲ್ಲಾ ರೊಟ್ಟಿ ಆಗಬೇಕಲ್ಲ” ಎಂದಳು ಅತ್ತೆ, ನನ್ನ ಕಡೆ ತಿರುಗಿ. “ಹೋಗವ್ವ, ಹಿಟ್ಟು ನಾದು.”

ಏನು ಮಾಡಲಿ? ಒಳಗೆ ಹೋಗಿ ಒಲೆ ಹಚ್ಚಿದೆ. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ಹತ್ತು ಜನಕ್ಕೆ ಆಗುವಷ್ಟು ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಪಡಸಾಲೆಯಿಂದ ಅಕ್ಕತಮ್ಮನ ಮಾತು ಕೇಳುತ್ತಿತ್ತು. ಅವಳು ಯಾವ ಹೊಲದಲ್ಲಿ ಹಟ್ಟಿ ಹಾಕಬೇಕೆಂದು ಹೇಳುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ನನ್ನ ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು.

ಏಳೆಂಟು ರೊಟ್ಟಿಯಾಗಿರಬೇಕು. ಅತ್ತೆ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಹಾಕಿ, ಒಳಗೆ ಬಂದಳು. ನನ್ನ ಹತ್ತಿರ ಕುಕ್ಕರಿಸಿ ಕೂತು ಉಸಿರು ಹಿಡಿದುಕೊಂಡಳು.

“ಸಾಕು ಮಾಡು. ಅವನೊಬ್ಬಂಗ ಇಷ್ಟ ಸಾಕು.”

ನಾನು ಕೈ ನಿಲ್ಲಿಸಿದೆ.

“ಅವನ ಮೈಯಾಗ ಕುರಿ ವಾಸನಿ ಇಲ್ಲ” ಎಂದಳು, ಮೆಲ್ಲಗೆ. “ಹುಟ್ಟಿದಾಗಿಂದ ಆ ವಾಸನಿ ಬಿಟ್ಟು ಅವನ್ನ ನಾ ಕಂಡಿಲ್ಲ. ಕುರಿ ಹೋಗಿ ಭಾಳ ದಿನ ಆಗೇತಿ. ನಂಗ ಗೊತ್ತಾಗೇತಿ ಅಂತ ಅವಂಗ ಹೇಳಬ್ಯಾಡ. ಹಿಂದ ಬರಾಕತ್ತಾವಂತ ಎಷ್ಟು ಕಷ್ಟಪಟ್ಟು ಹೇಳ್ಯಾನ, ಪಾಪ.”

“ಅತ್ತಿ, ಆವತ್ತು ನಾ ಹೊಲದಾಗ...” ಎಂದೆ.

“ರೊಟ್ಟಿ ಹೊತ್ತಾಕತ್ತೈತಿ ನೋಡು” ಎಂದಳು. ನನ್ನ ಮೊಣಕಾಲು ಹಿಡಿದುಕೊಂಡು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ತಮ್ಮನ ಹತ್ತಿರ ಹೋದಳು. ಹಾದಿಯ ತೊಟ್ಟಿಯಲ್ಲಿ ಎಲ್ಲ ಕುರಿಗೂ ಸಾಲುವಷ್ಟು ನೀರಿದೆಯೆಂದು ಅವನಿಗೆ ಹೇಳುವುದು ಕೇಳಿಸಿತು. ನಾನು ರೊಟ್ಟಿ ತಿರುವಿ ಹಾಕಿದೆ.